ನಾಯಿಗೂ ಇರಲಿ ತಂಪು. ದ್ರಾಕ್ಷಿ ಮಾತ್ರ ಬ್ಯಾಡ!

ಜತ್ತ: ಬ್ಯಾಸಿಗಿ ಬಂತಂದ್ರ ಗಡಿಭಾಗದ ಊರುಗಳ ರಸ್ತೆ ಮಧ್ಯಾಹ್ನ ಬಿಕೋ ಎನ್ನುತ್ತವೆ. ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ, ಜತ್ತ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಿನಲ್ಲಿ ಪಾದರಸ 40 ಡಿಗ್ರಿ ದಾಟುವುದು ಹೊಸ ಮಾತೇನಲ್ಲ. ಮನುಷ್ಯರಿಗೆ ಮಜ್ಜಿಗೆ, ಕಲ್ಲಂಗಡಿ, ಬರ್ಫದ ಗೋಳಾ, ಕುಲ್ಫಿ ಇದ್ದೇ ಇವೆ. ಆದರೆ ಬಾಗಿಲ ಮುಂದೆ ನಾಲಿಗೆ ಚಾಚಿ ತೇಕುತ್ತಾ ಬಿದ್ದಿರುವ ನಾಯಿಯ ಗತಿ ಏನು?

ಫ್ರಿಜ್ ಇರುವ ಮನೆಗಳಲ್ಲಿ ಮಕ್ಕಳು ತಮ್ಮ ಐಸ್‌ಕ್ಯಾಂಡಿಯಲ್ಲೇ ನಾಯಿಗೂ ಒಂದು ಪಾಲು ಕೊಡುತ್ತಾರೆ. ಪ್ರೀತಿ ಒಳ್ಳೆಯದೇ. ಆದರೆ ಈ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಸಲೀಸಾಗಿ ಕೈಗೆ ಸಿಗುವ ಹಣ್ಣೇ ನಾಯಿಗೆ ದೊಡ್ಡ ಅಪಾಯದ ಹಣ್ಣು. ಅದುವೇ ದ್ರಾಕ್ಷಿ! ನಾಯಿಗೆ ಮನೆಯಲ್ಲೇ ತಂಪು ತಿನಿಸು ಮಾಡಬೇಕೆನ್ನುವವರು ಮೊದಲು ತಿಳಿಯಬೇಕಾದ ಮಾತು ಇದು.

ಬೆವರದ ಜೀವ

ನಮ್ಮ ಹಾಗೆ ನಾಯಿಗೆ ಮೈತುಂಬ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರು ಬರುತ್ತದೆ, ಅಷ್ಟೇ. ಉಳಿದ ಬಿಸಿಯೆಲ್ಲ ತೇಕುವುದರಿಂದಲೇ, ಅಂದರೆ ನಾಲಿಗೆ, ಬಾಯಿ, ಮೂಗಿನ ತೇವ ಆರುವುದರಿಂದಲೇ ಹೊರಗೆ ಹೋಗಬೇಕು. ಆರೋಗ್ಯವಂತ ನಾಯಿಯ ಮೈ ಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿ ದಾಟಿತೆಂದರೆ ಜೀವಕ್ಕೇ ಕುತ್ತು.

ಎಲ್ಲ ನಾಯಿಗಳ ತಾಳಿಕೆಯೂ ಒಂದೇ ಅಲ್ಲ. ನಮ್ಮ ಭಾಗದ ಮುಧೋಳ ನಾಯಿ (ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನ ಅನ್ನುತ್ತಾರೆ) ಸಪೂರ ಮೈ, ಉದ್ದ ಮೂತಿ, ಗಿಡ್ಡ ಕೂದಲಿನ ಬೇಟೆ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಈ ನಾಯಿ ಬಯಲು ಸೀಮೆಯ ಬಿಸಿಲಿಗೆ ಒಗ್ಗಿದೆ. ಹಾಗಂತ ಅದನ್ನು ಮಟಮಟ ಮಧ್ಯಾಹ್ನ ಓಡಿಸಬಾರದು. 2003ರ ಮೊಬೈಲ್ ಜಾಹೀರಾತಿನ ನಂತರ ಮನೆಮನೆಗೆ ಬಂದ ಪಗ್ ಜಾತಿಯ ಚಪ್ಪಟೆ ಮೂತಿಯ ನಾಯಿಗಳಿಗೆ ಮೊದಲೇ ಉಸಿರಾಟ ಕಷ್ಟ, ಬಿಸಿಲಂತೂ ಬಹಳ ಕಷ್ಟ. ಮುದಿ ನಾಯಿ, ದಪ್ಪ ನಾಯಿ, ಜೂಲು ಕೂದಲಿನ ನಾಯಿಗಳ ಪಾಡೂ ಹೆಚ್ಚುಕಡಿಮೆ ಅದೇ.

ದ್ರಾಕ್ಷಿ ನಾಡಿನ ಎಚ್ಚರ

ಜತ್ತ, ಕವಠೆ ಮಹಾಂಕಾಳ, ತಾಸಗಾಂವ, ಪಂಢರಪುರ, ಆಚೆ ವಿಜಯಪುರದ ತಿಕೋಟಾ ಕಡೆಗೆಲ್ಲ ದ್ರಾಕ್ಷಿ ತೋಟಗಳು. ಫೆಬ್ರುವರಿಯಿಂದ ಬೇಸಿಗೆ ಪೂರ್ತಿ ಶೆಡ್‌ಗಳಲ್ಲಿ ಒಣದ್ರಾಕ್ಷಿ, ಮರಾಠಿಯ ಬೇದಾಣೆ, ತಯಾರಾಗುತ್ತದೆ. ಜಾಳಿಗೆಯಿಂದ ಕೆಳಗೆ ಉದುರಿದ್ದು, ಮಣ್ಣು ಹತ್ತಿದ್ದು, ಮಾರಲು ಬಾರದ್ದು ಅಲ್ಲೇ ಬಿದ್ದಿರುತ್ತದೆ. ಕಾವಲಿಗಿದ್ದ ನಾಯಿ ಅದನ್ನು ಮೂಸುತ್ತದೆ, ಸಿಹಿ ಅಂತ ತಿನ್ನುತ್ತದೆ. ಮನೆಯಲ್ಲೂ ಅಷ್ಟೇ. ಉಳಿದ ದ್ರಾಕ್ಷಿ ರಸವನ್ನು ಐಸ್ ಟ್ರೇಗೆ ಸುರಿದರೆ ಕ್ಯಾಂಡಿ ತಯಾರು. 'ನಾವು ತಿಂತೀವಿ, ನಾಯಿಗೇನ ಆಗತದ?' ಎಂಬ ಧೈರ್ಯ ಬೇರೆ.

ಆಗುವುದು ಇಷ್ಟು. ದ್ರಾಕ್ಷಿ ತಿಂದ ಕೆಲವು ನಾಯಿಗಳ ಕಿಡ್ನಿ ಕೆಡುತ್ತದೆ. ಒಂದು ದಿನದೊಳಗೆ ವಾಂತಿ, ಸುಸ್ತು, ಊಟ ಬಿಡುತ್ತದೆ. ಒಂದೆರಡು ದಿನ ಕಳೆದರೆ ಮೂತ್ರ ಕಡಿಮೆಯಾಗಿ ಕೊನೆಗೆ ನಿಂತೇ ಹೋಗಬಹುದು. ಆ ಹಂತಕ್ಕೆ ಹೋದ ನಾಯಿ ಉಳಿಯುವುದು ಕಷ್ಟ. ಇಷ್ಟು ತಿಂದರೆ ಪರವಾಗಿಲ್ಲ ಎಂಬ ಲೆಕ್ಕವೇ ಇದಕ್ಕಿಲ್ಲ. ಒಂದು ನಾಯಿ ಹಿಡಿ ತುಂಬ ತಿಂದೂ ಆರಾಮ ಇರುತ್ತದೆ, ಇನ್ನೊಂದು ನಾಲ್ಕು ಕಾಳಿಗೇ ಮಲಗುತ್ತದೆ.

ಕಾರಣ ಬಹಳ ವರ್ಷ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆಗೆ ಬೆರಳು ತೋರಿಸಿದರು. ತಳಿ ಬದಲಾದಂತೆ, ಹಣ್ಣು ಮಾಗಿದಂತೆ ಈ ಆಮ್ಲದ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದಲೇ ಒಂದು ನಾಯಿಗೆ ಆದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಒಣಗಿಸಿದಾಗ ನೀರು ಹೋಗಿ ಸತ್ವ ಗಟ್ಟಿಯಾಗುವ ಕಾರಣ ಬೇದಾಣೆ ಇನ್ನೂ ಜೋರು. ಇದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳ. ಹುಣಸೆ ಪಾನಕ, ಚಿಗಳಿ ಕೂಡ ನಾಯಿಯಿಂದ ದೂರವೇ ಇರಲಿ.

ದ್ರಾಕ್ಷಿ ತಿಂದದ್ದು ಗೊತ್ತಾದರೆ ಲಕ್ಷಣ ಕಾಣುವ ತನಕ ಕಾಯಬಾರದು. ಒಂದೆರಡು ತಾಸಿನೊಳಗೆ ಪಶುವೈದ್ಯರ ಬಳಿ ಹೋದರೆ ಅವರು ವಾಂತಿ ಮಾಡಿಸಿ ಹೊರಹಾಕಬಹುದು, ಸಲೈನ್ ಕೊಟ್ಟು ಕಿಡ್ನಿ ಉಳಿಸಬಹುದು. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ವಿಷವಾಗುತ್ತದೆ.

ಮನೆಯಲ್ಲೇ ಮಾಡುವ ನಾಲ್ಕು ಬಗೆ

ಹಾಗಾದ್ರ ಏನ ಕೊಡಬೇಕು? ಖರ್ಚು ಕಡಿಮೆ, ಸಾಮಾನು ಮನೆಯದ್ದೇ.

ಕಲ್ಲಂಗಡಿ: ಮರಾಠಿಯಲ್ಲಿ ಕಲಿಂಗಡ. ಸಿಪ್ಪೆ, ಬೀಜ ತೆಗೆದು ಕೆಂಪು ತಿರುಳನ್ನು ಕೈಯಿಂದ ಹಿಚುಕಿ ಟ್ರೇಗೆ ಹಾಕಿ. ಸಕ್ಕರೆ ಬ್ಯಾಡ, ಬೆಲ್ಲವೂ ಬ್ಯಾಡ. ನಾಲ್ಕೈದು ತಾಸಿನಲ್ಲಿ ಗಟ್ಟಿಯಾಗುತ್ತದೆ.

ಜೋಳದ ಅಂಬಲಿ: ಮಂಗಳವೇಢೆಯ ಮಾಲದಂಡಿ ಜೋಳದ ಹೆಸರು ಕೇಳದವರಿಲ್ಲ. ಎರಡು ಚಮಚ ಜೋಳದ ಹಿಟ್ಟನ್ನು ಎರಡು ಗ್ಲಾಸ್ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹತ್ತು ನಿಮಿಷ ಕುದಿಸಿ. ಪೂರ್ತಿ ಆರಿದ ಮೇಲೆ ಅರ್ಧ ಗ್ಲಾಸ್ ಹುಳಿಯಿಲ್ಲದ ತಿಳಿ ಮಜ್ಜಿಗೆ ಸೇರಿಸಿ ಫ್ರೀಜರ್‌ನಲ್ಲಿಡಿ. ನಮ್ಮ ಅಂಬಲಿಗೆ ಹಾಕುವ ಉಪ್ಪು, ಬಳ್ಳೊಳ್ಳಿ, ಉಳ್ಳಾಗಡ್ಡಿ ಇದಕ್ಕೆ ಬೀಳಬಾರದು. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಮಸಾಲೆ ತಾಕ ನಮಗಷ್ಟೇ ಇರಲಿ.

ಬಾಳೆ-ಮೊಸರು: ಅರ್ಧ ಬಾಳೆಹಣ್ಣು, ನಾಲ್ಕು ಚಮಚ ಸಿಹಿ ಮೊಸರು, ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಶೇಂಗಾ ಒಂದು ಚಮಚ. ಸೊಲ್ಲಾಪುರದ ಶೇಂಗಾ ಚಟ್ನಿ ಎಷ್ಟೇ ಹೆಸರುವಾಸಿ ಇದ್ದರೂ ಇಲ್ಲಿ ಬಳಸುವಂತಿಲ್ಲ. ಅದರಲ್ಲಿ ಬಳ್ಳೊಳ್ಳಿ, ಖಾರ, ಉಪ್ಪು ಮೂರೂ ಇವೆ. ಹಾಲು ಕುಡಿದರೆ ಭೇದಿಯಾಗುವ ನಾಯಿಗೆ ಮೊಸರನ್ನೂ ಮೊದಲು ಒಂದೇ ಚಮಚ ಕೊಟ್ಟು ನೋಡುವುದು ಒಳ್ಳೆಯದು.

ಕೋಳಿ ತಿಳಿ: ಮಾಂಸಾಹಾರದ ಮನೆಯಾದರೆ ಉಪ್ಪು, ಮಸಾಲೆ ಏನೂ ಹಾಕದೆ ಕೋಳಿ ಬೇಯಿಸಿದ ನೀರನ್ನು ಆರಿಸಿ, ಮೇಲೆ ಕಟ್ಟಿದ ಜಿಡ್ಡು ತೆಗೆದು, ಎಲುಬಿಲ್ಲದ ಎರಡು ಎಳೆ ಮಾಂಸ ಹಾಕಿ ಗಟ್ಟಿ ಮಾಡಿ. ಬೇಯಿಸಿದ ಕೋಳಿ ಎಲುಬು ಸೀಳಿ ಗಂಟಲಿಗೆ ಚುಚ್ಚುತ್ತದೆ. ಅದು ಬೇಡವೇ ಬೇಡ.

ಮಾವಿನ ಕಾಲದಲ್ಲಿ ಹಣ್ಣಿನ ತಿರುಳು ಸ್ವಲ್ಪ ಕೊಡಬಹುದು. ಓಟೆ ಮಾತ್ರ ನಾಯಿಯ ಬಾಯಿಗೆ ಸಿಗಬಾರದು. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕಡ್ಡಿ ಹಾಕಬೇಡಿ

ಮಕ್ಕಳ ಕ್ಯಾಂಡಿಯಂತೆ ಕಡ್ಡಿ ಚುಚ್ಚಿ ಕೊಟ್ಟರೆ ನಾಯಿ ಕಡ್ಡಿ ಸಮೇತ ನುಂಗುತ್ತದೆ. ಕಲ್ಲಿನಂಥ ಐಸ್ ತುಂಡು ಕಡಿದರೆ ಹಲ್ಲು ಮುರಿಯುವುದೂ ಉಂಟು. ಅದಕ್ಕೆ ಸುಲಭ ದಾರಿ ಎಂದರೆ ಅಗಲ ತಾಟಿನಲ್ಲಿ ಅಥವಾ ವಾಟಗಾದಲ್ಲಿ ತೆಳ್ಳಗೆ ಹರಡಿ ಗಟ್ಟಿ ಮಾಡುವುದು. ಕೊಡುವ ಐದು ನಿಮಿಷ ಮೊದಲೇ ಹೊರಗೆ ತೆಗೆದಿಟ್ಟರೆ ನಾಯಿ ನೆಕ್ಕಿ ನೆಕ್ಕಿ ತಿನ್ನುತ್ತದೆ. ಹೊತ್ತೂ ಹೋಗುತ್ತದೆ, ಗಬಗಬ ನುಂಗುವ ಭಯವೂ ಇಲ್ಲ.

ಬಹಳ ಹೊತ್ತು ಕರೆಂಟ್ ಹೋಗಿ ಟ್ರೇ ಪೂರ್ತಿ ಕರಗಿದರೆ ಮೊಸರು, ಮಜ್ಜಿಗೆ, ಕೋಳಿಯದ್ದನ್ನು ಮತ್ತೆ ಗಟ್ಟಿ ಮಾಡಿ ಕೊಡಬಾರದು. ಚೆಲ್ಲಿಬಿಡಿ.

ಎಷ್ಟು ಕೊಡಬೇಕು?

ಇದಕ್ಕೂ ಒಂದು ಲೆಕ್ಕ ಇದೆ. ದಿನದ ಆಹಾರದಲ್ಲಿ ತಿನಿಸಿನ ಪಾಲು ನೂರಕ್ಕೆ ಹತ್ತು ದಾಟಬಾರದು. 15 ಕಿಲೋ ತೂಕದ ದೊಡ್ಡ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲರಿ ಬೇಕು ಎಂದುಕೊಂಡರೆ ತಿನಿಸಿಗೆ ಸಿಗುವುದು 85. ನೂರು ಗ್ರಾಂ ಕಲ್ಲಂಗಡಿಯಲ್ಲಿ ಇರುವುದು 30 ಕ್ಯಾಲರಿ, ಅಷ್ಟೇ ಬಾಳೆಹಣ್ಣಿನಲ್ಲಿ 90ರ ಹತ್ತಿರ. ಹಾಗಾಗಿ ಕಲ್ಲಂಗಡಿಯದ್ದು ನಾಲ್ಕೈದು ತುಂಡು ನಡೆಯುತ್ತದೆ, ಬಾಳೆಯದ್ದು ಎರಡಕ್ಕೆ ಸಾಕು. ಸಕ್ಕರೆ ಕಾಯಿಲೆ ಇರುವ ನಾಯಿಗೆ ವೈದ್ಯರನ್ನು ಕೇಳದೆ ಹಣ್ಣು ಕೊಡಬೇಡಿ.

ಅಂಗಡಿಯಿಂದ ತಂದರೆ

ಮನುಷ್ಯರ ಐಸ್‌ಕ್ರೀಮಿನಲ್ಲಿ ಸಕ್ಕರೆ, ಕೊಬ್ಬು ಹೆಚ್ಚು. ಚಾಕಲೇಟ್ ಮತ್ತು ಕಾಫಿ ರುಚಿಯದ್ದು ನಾಯಿಯ ಹೃದಯ, ನರಗಳಿಗೆ ಅಪಾಯ. ಡ್ರೈಫ್ರೂಟ್ ಐಸ್‌ಕ್ರೀಮಿನಲ್ಲಿ ಮತ್ತದೇ ಬೇದಾಣೆ ಇರಬಹುದು. ಸಕ್ಕರೆ ಇಲ್ಲದ್ದು ಒಳ್ಳೆಯದೆಂದು 'ಶುಗರ್ ಫ್ರೀ' ತಂದರೆ ಅದು ಇನ್ನೊಂದು ಬಲೆ. ಕೆಲವದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಮನುಷ್ಯರಿಗೆ ಏನೂ ಮಾಡದ ಇದು ನಾಯಿಯ ರಕ್ತದಲ್ಲಿನ ಸಕ್ಕರೆಯನ್ನು ದಿಢೀರ್ ಇಳಿಸುತ್ತದೆ, ಲಿವರ್ ಕೆಡಿಸುತ್ತದೆ. ಪ್ಯಾಕೆಟ್ ಹಿಂದೆ ಕ್ಸೈಲಿಟಾಲ್ ಎಂದಾಗಲಿ, 967 ಎಂಬ ಅಂಕಿಯಾಗಲಿ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ದೊಡ್ಡ ಊರಿನ ಪೆಟ್ ಅಂಗಡಿಗಳಲ್ಲಿ ನಾಯಿಗೆಂದೇ ಮಾಡಿದ ಐಸ್‌ಕ್ರೀಮ್ ಪುಡಿ ಸಿಗುತ್ತದೆ. ಕೊಳ್ಳುವಾಗ ಮುಂದಿನ ಚಿತ್ರ ನೋಡದೆ ಹಿಂದಿನ ಪಟ್ಟಿ ಓದಿ. ಪಟ್ಟಿಯಲ್ಲಿ ಮೊದಲು ಬರೆದದ್ದೇ ಪ್ಯಾಕೆಟ್‌ನಲ್ಲಿ ಹೆಚ್ಚು ಇರುವ ವಸ್ತು. ಅಲ್ಲಿ ಸಕ್ಕರೆ ಇದ್ದರೆ ಕೊಟ್ಟ ದುಡ್ಡು ದಂಡ.

ಗಾಡಿಯಿಂದ ಬರ್ಫ ತಂದು ಹಾಕುವವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ 2018ರಲ್ಲಿ, ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಕಡ್ಡಾಯ ಮಾಡಲಾಯಿತು. ನೀಲಿ ಐಸ್ ಸಾಮಾನು ತಂಪಾಗಿಡಲು ಇರುವಂಥದ್ದು. ನಾಯಿಯ ಬಾಯಿಗೂ ಅದು ಬ್ಯಾಡ.

ತಿನಿಸು ಔಷಧಿಯಲ್ಲ

ಐಸ್ ತಿನಿಸು ಕೊಟ್ಟ ಮಾತ್ರಕ್ಕೆ ನಾಯಿಗೆ ಬಿಸಿಲು ಬಡಿಯುವುದಿಲ್ಲ ಎಂದುಕೊಳ್ಳಬಾರದು. ನೆರಳು, ದಿನವಿಡೀ ತಣ್ಣೀರು, ಮಧ್ಯಾಹ್ನ ಕಟ್ಟಿಹಾಕದ ಜಾಗ, ಇವು ಮೊದಲು. ನಿಲ್ಲದ ತೇಕು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ ಕಂಡರೆ ತಿನಿಸು ಬದಿಗಿಡಿ. ಬಾಯಿಗೆ ಐಸ್ ತುರುಕದೆ ನೆರಳಿಗೆ ಎಳೆದು, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ ಎಂಬುದೇ ಪಶುವೈದ್ಯರ ಈಗಿನ ಸಲಹೆ. ತಾಲೂಕಿನ ಪಶು ದವಾಖಾನೆಯ ನಂಬರ್ ಮೊದಲೇ ಮೊಬೈಲಿನಲ್ಲಿ ಇರಲಿ.

ಒಂದು ಹೋಳು ಕಲ್ಲಂಗಡಿ, ಎರಡು ಚಮಚ ಜೋಳದ ಹಿಟ್ಟಿಗೆ ಎಷ್ಟು ಖರ್ಚಾದೀತು? ತೋಟ, ಶೆಡ್ ಇದ್ದವರು ಈ ಬ್ಯಾಸಿಗೆಯಲ್ಲಿ ಇನ್ನೊಂದು ಕೆಲಸ ಮಾಡಬೇಕು. ಸಂಜೆ ಕಸ ಹೊಡೆಯುವಾಗ ಉದುರಿದ ಬೇದಾಣೆಯನ್ನು ತಿಪ್ಪೆಗೆ ಎಸೆಯದೆ ಮುಚ್ಚಳದ ಡಬ್ಬಿಗೆ ತುಂಬಿ, ಮನೆಯ ಮಕ್ಕಳಿಗೂ ಒಂದು ಮಾತು ಹೇಳಿಡಿ. ರಾತ್ರಿ ಇಡೀ ಶೆಡ್ ಕಾಯುವ ನಾಯಿಯನ್ನು ಕಾಯುವವರೂ ಬೇಕಲ್ಲ!