ಹೊರದೇಶದ ಬದುಕು, ಊರಿನ ತೋಟ ಮತ್ತು ಉಯಿಲು

ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಹೋಗಿ ಹೊರದೇಶದಲ್ಲಿ ನೆಲೆಸಿದವರು ಬರೆಯುವ ಉಯಿಲು, ಅಂದರೆ ಮರಣಾನಂತರ ಆಸ್ತಿ ಯಾರಿಗೆ ಸೇರಬೇಕೆಂದು ಹೇಳುವ ಪತ್ರ, ಎರಡು ದೇಶಗಳ ಕಾನೂನನ್ನು ಎದುರಿಸಬೇಕಾಗುತ್ತದೆ. ಏಕೆಂದರೆ ಅಡಿಕೆ ತೋಟ, ಗದ್ದೆ, ಮನೆಗಳಂಥ ಸ್ಥಿರಾಸ್ತಿಗೆ ಅದು ಇರುವ ನೆಲದ ಕಾನೂನೂ, ಬ್ಯಾಂಕಿನ ಹಣದಂಥ ಚರಾಸ್ತಿಗೆ ಸಾಮಾನ್ಯವಾಗಿ ಮೃತರ ಕಾಯಂ ನೆಲೆಯ ಕಾನೂನೂ ಅನ್ವಯಿಸುತ್ತವೆ. ಆದ್ದರಿಂದ ಕೆಲವರು ಎರಡು ಉಯಿಲು ಬರೆಯುತ್ತಾರಾದರೂ, ‘ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದೆ’ ಎಂಬ ರೂಢಿಯ ವಾಕ್ಯವೊಂದು ಎರಡನೆಯದರಲ್ಲಿ ಸೇರಿಕೊಂಡರೆ ಊರಿನ ಉಯಿಲೂ ಬಿದ್ದುಹೋಗಬಹುದು.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನಂತೆ ಬರೆದವರ ಸಹಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಛಾಪಾ ಕಾಗದವಾಗಲಿ ನೋಂದಣಿಯಾಗಲಿ ಕಡ್ಡಾಯವಲ್ಲ. ಆದರೆ ವ್ಯಾಜ್ಯ ಎದ್ದಾಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕಾಗುವುದರಿಂದ, ದುಬೈನ ಸಹೋದ್ಯೋಗಿಗಳಿಂದ ಸಹಿ ಹಾಕಿಸುವುದಕ್ಕಿಂತ ರಜೆಗೆ ಬಂದಾಗ ಊರಿನ, ವಯಸ್ಸಿನಲ್ಲಿ ಕಿರಿಯರಾದ ಸಾಕ್ಷಿಗಳ ಮುಂದೆ ಸಹಿ ಮಾಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಜಾಣತನ.

ಮಲೆನಾಡಿನ ಮಟ್ಟಿಗೆ ಹೆಚ್ಚು ತೊಡಕಿರುವುದು ಬರೆಯುವ ವಿಧಾನದಲ್ಲಲ್ಲ, ಆಸ್ತಿಯ ಹಕ್ಕಿನಲ್ಲಿ. ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ತಮ್ಮ ಪಾಲನ್ನಷ್ಟೇ ಉಯಿಲಿನಲ್ಲಿ ಕೊಡಬಹುದು. ಮಂಜೂರಾಗದ ಬಗರ್‌ಹುಕುಂ ಸಾಗುವಳಿ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು, ಎಷ್ಟು ದಶಕಗಳದ್ದಾದರೂ ಒಡೆತನವಾಗಿ ದಾಟುವುದಿಲ್ಲ. ಊರಿನ ತಮ್ಮನಿಗೆ ಕೊಟ್ಟ ಸಾಮಾನ್ಯ ಅಧಿಕಾರಪತ್ರವನ್ನೇ ಉಯಿಲೆಂದು ನಂಬುವವರೂ ಇದ್ದಾರೆ. ಅದು ಕೊಟ್ಟವರ ಮರಣದೊಂದಿಗೇ ಕೊನೆಗೊಳ್ಳುತ್ತದೆ. ಉಯಿಲಿನಿಂದ ಪಹಣಿ ತಾನಾಗಿ ಬದಲಾಗದು. ಖಾತೆ ಬದಲಾವಣೆಗೆ ಫಲಾನುಭವಿಗಳೇ ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಸಲ್ಲಿಸಬೇಕು.