ಗಾಜಿನ ಪಾದರಕ್ಷೆಯೂ ಪ್ರಣಯದ ತರ್ಕವೂ

ಕಿನ್ನರಿಯರ ಕಥೆಗಳಲ್ಲಿ ತರ್ಕವನ್ನು ಹುಡುಕುವುದು ಅರಸಿಕತನವೆಂದು ನನ್ನ ಸಹಪಾಠಿಗಳು ಹಾಸ್ಯ ಮಾಡುವುದುಂಟು. ಕುಂಬಳಕಾಯಿ ರಥವಾಗುವುದನ್ನು ನಾನೂ ಒಪ್ಪುತ್ತೇನೆ, ಅದು ಮಂತ್ರ. ಆದರೆ ಅದೇ ಕಥೆ ‘ಅವರಿಬ್ಬರೂ ಪ್ರೀತಿಸಿದರು’ ಎಂದಾಗ ಅದು ಮಂತ್ರದ ಮಾತಾಗಿ ಉಳಿಯುವುದಿಲ್ಲ. ನಮ್ಮ ನಿಮ್ಮ ಬಾಳಿನ ಮಾತಾಗುತ್ತದೆ. ಅಲ್ಲಿ ಕಾರಣವನ್ನು ಕೇಳುವ ಹಕ್ಕು ನಮಗುಂಟೆಂಬುದೇ ಈ ಲೇಖನದ ವಾದ.

ಮೊದಲು ಸಿಂಡರೆಲಾಳ ಕಥೆಯನ್ನು ತೆಗೆದುಕೊಳ್ಳೋಣ. ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಅವಳು ಅರಮನೆಯ ನೃತ್ಯಕ್ಕೆ ಎರಡು ರಾತ್ರಿ ಹೋಗುತ್ತಾಳೆ. ಜರ್ಮನಿಯ ಗ್ರಿಮ್ ಸೋದರರು 1812ರಿಂದ ಪ್ರಕಟಿಸಿದ ಸಂಗ್ರಹದಲ್ಲಿ ಮೂರು ದಿನ. ವಾಲ್ಟ್ ಡಿಸ್ನಿಯವರ ಸಂಸ್ಥೆ 1950ರಲ್ಲಿ ತಂದ ಚಲಚ್ಚಿತ್ರದಲ್ಲಿ ಒಂದೇ ರಾತ್ರಿ! ತನ್ನೊಡನೆ ಕುಣಿದವನು ರಾಜಕುಮಾರನೆಂದು ಅವಳಿಗೆ ತಿಳಿಯದು; ಅವಳ ಹೆಸರು ಅವನಿಗೆ ತಿಳಿಯದು. ಹುಡುಕುವುದಕ್ಕೆ ಅವನು ತಾನೇ ಹೊರಡುವುದೂ ಇಲ್ಲ. ಅಧಿಕಾರಿಯೊಬ್ಬನು ಪಾದರಕ್ಷೆಯನ್ನು ಹಿಡಿದು ಮನೆಮನೆಗೆ ತಿರುಗುತ್ತಾನೆ. ಗ್ರಿಮ್ ಸೋದರರ ಕಥೆಯಲ್ಲಂತೂ ಮೂರು ದಿನ ಜೊತೆಯಲ್ಲಿ ಕುಣಿದವನೇ, ಬೆರಳನ್ನೂ ಹಿಮ್ಮಡಿಯನ್ನೂ ಕತ್ತರಿಸಿಕೊಂಡು ಪಾದರಕ್ಷೆ ತೊಟ್ಟ ಮಲಸೋದರಿಯರನ್ನು ಒಬ್ಬಳಾದ ಮೇಲೊಬ್ಬಳಂತೆ ಕುದುರೆಯೇರಿಸಿಕೊಂಡು ಹೊರಡುತ್ತಾನೆ. ರಕ್ತ ಸುರಿಯುತ್ತಿದೆಯೆಂದು ಪಾರಿವಾಳಗಳು ಕೂಗಿ ಹೇಳಬೇಕಾಗುತ್ತದೆ. ಮುಖದ ಗುರುತು ಸಿಕ್ಕದೆ ಪಾದದ ಅಳತೆಯನ್ನೇ ನಂಬಿದವನನ್ನು ಪ್ರೇಮಿಯೆಂದು ಕರೆಯುವುದು ಹೇಗೆ?

ಚುಂಬನದಿಂದ ಎಚ್ಚರವಾಗುವ ಪ್ರಸಂಗವನ್ನೂ ಪರಿಶೀಲಿಸೋಣ. ಸ್ನೋವೈಟಳ ಕಥೆಯ ಪ್ರಚಲಿತ ಗ್ರಿಮ್ ಪಾಠದಲ್ಲಿ ಚುಂಬನವೇ ಇಲ್ಲ. ಪೆಟ್ಟಿಗೆಯನ್ನು ಹೊತ್ತ ಸೇವಕರು ಎಡವಿದಾಗ ಗಂಟಲಲ್ಲಿ ಸಿಕ್ಕಿದ್ದ ವಿಷದ ಸೇಬಿನ ತುಂಡು ಹೊರಬಿದ್ದು ಅವಳು ಕಣ್ತೆರೆಯುತ್ತಾಳೆ. ಪೆರೋ ಹೇಳಿದ ನಿದ್ರಾಸುಂದರಿ ನೂರು ವರ್ಷದ ಅವಧಿ ತುಂಬಿದ್ದರಿಂದ ಏಳುತ್ತಾಳೆ. ರಾಜಕುಮಾರನು ಬಳಿಯಲ್ಲಿ ಮಂಡಿಯೂರಿರುತ್ತಾನೆ, ಅಷ್ಟೆ. ಗ್ರಿಮ್ ಸೋದರರ ನಿದ್ರಾಸುಂದರಿಗೆ ಚುಂಬನವುಂಟು. ಆದರೆ ಆ ವೇಳೆಗೆ ನೂರು ವರ್ಷ ಮುಗಿದಿರುತ್ತದೆ. ಪ್ರೇಮಚುಂಬನವೇ ಪ್ರಾಣವನ್ನು ತಂದಿತೆಂಬ ಸಿದ್ಧಾಂತವನ್ನು ಲೋಕದಲ್ಲೆಲ್ಲ ಹರಡಿದ್ದು 1937 ಮತ್ತು 1959ರ ಡಿಸ್ನಿ ಚಿತ್ರಗಳು.

ಇದಕ್ಕೆ ಕಾರಣವೇನು? ನನಗೆ ತೋರುವುದಿಷ್ಟು. ಹಳೆಯ ಕಥೆಯಲ್ಲಿ ಮದುವೆಯೆಂದರೆ ಬಿಡುಗಡೆಯ ಗುರುತು. ಬೂದಿಯಲ್ಲಿ ಮಲಗುತ್ತಿದ್ದ ಹುಡುಗಿಗೆ ಮಲತಾಯಿಯ ಮನೆಯಿಂದ ಪಾರಾಗಲು ಬೇರೆ ಬಾಗಿಲಿರಲಿಲ್ಲ. ಅದನ್ನು ತೆರೆದವನು ರಾಜಕುಮಾರ. ಕಥೆ ಅವನ ಹೃದಯವನ್ನು ಬಗೆದು ತೋರಿಸುವುದಾಗಿ ಮಾತು ಕೊಟ್ಟಿರಲಿಲ್ಲ. ಚಿತ್ರಗಳಾದರೋ ಆ ಬಿಡುಗಡೆಗೆ ಪ್ರಣಯವೆಂದು ಹೆಸರಿಟ್ಟವು. ಆದರೆ ಪ್ರಣಯ ಬೆಳೆಯಲು ಬೇಕಾದ ಕಾಲವನ್ನೂ ಮಾತನ್ನೂ ಕೊಡಲಿಲ್ಲ. 1959ರ ನಿದ್ರಾಸುಂದರಿಯ ಚಿತ್ರದಲ್ಲಿ ಕಾಡಿನಲ್ಲಿ ಕಂಡು ಮೆಚ್ಚಿದ ಅಪರಿಚಿತನೇ, ಅವಳು ಹಸುಗೂಸಾಗಿದ್ದಾಗ ತಂದೆಯಂದಿರು ನಿಶ್ಚಯಿಸಿದ್ದ ವರನೂ ಆಗಿರುತ್ತಾನೆ! ಪ್ರೇಮಕ್ಕೂ ಹಿರಿಯರ ಇಚ್ಛೆಗೂ ಏನೂ ನಷ್ಟವಿಲ್ಲ.

ಈ ಕೊರತೆ ಆ ಸಂಸ್ಥೆಗೂ ತಿಳಿಯದೆ ಹೋಗಲಿಲ್ಲ. 2013ರ ‘ಫ್ರೋಜನ್’ ಚಿತ್ರದಲ್ಲಿ ಅಂದೇ ಕಂಡವನನ್ನು ಮದುವೆಯಾಗುವೆನೆಂಬ ತಂಗಿಗೆ ಅಕ್ಕ ಒಪ್ಪಿಗೆ ಕೊಡುವುದಿಲ್ಲ. 2015ರ ಹೊಸ ಸಿಂಡರೆಲಾ ನೃತ್ಯಕ್ಕೆ ಮೊದಲೇ ಕಾಡಿನಲ್ಲಿ ಅವನೊಡನೆ ಮಾತನಾಡಿರುತ್ತಾಳೆ.

ಕನ್ನಡದಲ್ಲಿಯೂ ಒಬ್ಬ ಸಿಂಡರೆಲಾ ಇದ್ದಾಳೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಹಂಚಿ’ಯ ಕಥೆ ಅದು. ಚೆಲುವನ್ನು ಮರೆಮಾಡಲು ಮಣ್ಣಿನ ಮುಖವಾಡ ತೊಟ್ಟು ಮನೆಬಿಟ್ಟವಳು ಪರರ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಆ ಮನೆಯ ಮಗ ಮುಖವಾಡವಿಲ್ಲದ ಅವಳನ್ನು ಕಂಡು ಮೋಹಗೊಂಡು ಮದುವೆಯಾಗುತ್ತಾನೆ. ಇಲ್ಲಿಯೂ ಮೊದಲ ನೋಟವೇ ಸರಿ. ಆದರೆ ಕಥೆ ಮುಗಿಯುವುದಿಲ್ಲ. ಮುಂದೆ ಅವಳ ಮೇಲೆ ಸುಳ್ಳು ಅಪವಾದ ಬರುತ್ತದೆ, ಮನೆಯವರು ನಂಬಿಬಿಡುತ್ತಾರೆ. ಕಂಡು ಮೆಚ್ಚುವುದು ಬೇರೆ, ಅರಿತು ನಂಬುವುದು ಬೇರೆ ಎಂಬುದು ಈ ಕಥೆಯನ್ನು ಹೇಳಿದ ನಮ್ಮ ಹೆಂಗಸರಿಗೆ ಗೊತ್ತಿತ್ತು.

ಈ ವಿಷಯವನ್ನು ನಾನು ಪುಸ್ತಕದಿಂದ ಮಾತ್ರ ಕಲಿತೆನೆಂದರೆ ಸುಳ್ಳಾದೀತು. ಕಳೆದ ವರ್ಷ ನನ್ನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಕಾಫಿ ಮುಗಿಯುವುದರೊಳಗೆ ಹುಡುಗ ಒಪ್ಪಿದನೆಂಬ ಸುದ್ದಿ ಒಳಗೆ ಬಂತು. ಎಲ್ಲರಿಗೂ ಸಂತೋಷ. ರಾತ್ರಿ ಅಕ್ಕ, “ನನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲೇ, ಅವರು ಒಪ್ಪಿದ್ದು ಏನನ್ನು?” ಎಂದಳು. ಅದೇ ವಾರ ಸಿಂಡರೆಲಾಳ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕ ಅಪ್ಪನನ್ನು ಕೇಳಿ ಇನ್ನೊಮ್ಮೆ ಅವರನ್ನು ಕರೆಸಿದಳು. ಮದುವೆಯ ಮೇಲೂ ಶಾಲೆಯಲ್ಲಿ ಪಾಠ ಹೇಳಬಹುದೇ ಎಂದು ವಿಚಾರಿಸಿದಳು. ಅದನ್ನು ಅಮ್ಮ ತೀರ್ಮಾನಿಸುತ್ತಾರೆಂದು ಉತ್ತರ ಬಂತು. ಸಂಬಂಧ ಮುರಿಯಿತು, ಅಪ್ಪ ಒಂದು ವಾರ ಅವಳೊಡನೆ ಮಾತನಾಡಲಿಲ್ಲ. ಆದರೂ ಅವಳು ಎಂದಿನಂತೆ ಶಾಲೆಗೆ ಹೋಗಿಬರುತ್ತಿದ್ದಳು.

ಸಹಪಾಠಿಗಳೇ, ಕಿನ್ನರಿಯರ ಕಥೆಗಳನ್ನು ಬಿಟ್ಟುಬಿಡಿರೆಂದು ನಾನು ಹೇಳಲಾರೆ, ನಾನೇ ಬಿಡಲಾರೆ. ಆದರೆ ಮುಂದೆ ತಮ್ಮ ತಂಗಿಯರಿಗೆ ಅವನ್ನು ಹೇಳುವಾಗ, ಪಾದರಕ್ಷೆ ಸರಿಹೊಂದಿದ ಕೂಡಲೆ ನಿಲ್ಲಿಸದೆ, “ಆಮೇಲೆ ಅವರಿಬ್ಬರೂ ಏನು ಮಾತನಾಡಿಕೊಂಡರು?” ಎಂದು ಕೇಳಿನೋಡಿ. ಮಕ್ಕಳು ಏನಾದರೂ ಹೇಳಿಯೇ ಹೇಳುತ್ತಾರೆ.