ಬ್ರೇಕು ತುಳಿದರೆ ನಡುಗುವ ಬಂಡಿ

ಮನೆಯಲ್ಲಿ ಒಂದು ಪಿಕ್‌ಅಪ್ ಬಂಡಿಯಿದ್ದರೆ ದುಡಿಯುವ ಮಗನೊಬ್ಬನಿದ್ದಂತೆ. ಗೊಬ್ಬರವನ್ನು ತರುವುದಕ್ಕೂ, ಬಾಳೆಗೊನೆಗಳನ್ನು ಪೇಟೆಗೆ ಸಾಗಿಸುವುದಕ್ಕೂ, ನೆಂಟರ ಮದುವೆಗೆ ಪಾತ್ರೆಗಳನ್ನು ಹೊರುವುದಕ್ಕೂ ಅದೇ ಬೇಕು. ಇಂತಹ ಬಂಡಿಯು ಬ್ರೇಕನ್ನು ತುಳಿದೊಡನೆ ಚಳಿಜ್ವರ ಬಂದವರಂತೆ ನಡುಗಲಾರಂಭಿಸಿದರೆ ಒಡೆಯನ ಎದೆಯೂ ನಡುಗುವುದು ಸಹಜವೇ. ಆದರೆ ಕಾರಣವನ್ನು ವಿಚಾರಿಸದೆ ಹಣವನ್ನು ಚೆಲ್ಲುವವರೇ ಹೆಚ್ಚು.

ತೀರ್ಥಹಳ್ಳಿಯ ಕಡೆಯ ನಮ್ಮ ಪರಿಚಿತ ಗೃಹಸ್ಥರೊಬ್ಬರಿಗೆ ಹೀಗೆಯೇ ಆಯಿತು. ಆಗುಂಬೆಯ ಘಟ್ಟವನ್ನಿಳಿದು ಉಡುಪಿಗೆ ಹೋಗುವ ಅವರ ಬಂಡಿಯು ತಿರುವುತಿರುವಿಗೂ ನಡುಗುತ್ತಿತ್ತು. ಗ್ಯಾರೇಜಿನವರು “ಡಿಸ್ಕು ಬಾಗಿದೆ” ಎಂದು ಹೇಳಿ ಹೊಸದನ್ನು ಹಾಕಿದರು. ನಡುಕವು ನಿಂತಿತು; ನಾಲ್ಕು ತಿಂಗಳಿಗೆ ಪುನಃ ಬಂದಿತು. ಮತ್ತೊಂದು ಜೊತೆ ಡಿಸ್ಕುಗಳು ಬಂದುವು; ನಡುಕವೂ ಹಿಂದಿನಂತೆಯೇ ಹಿಂದಿರುಗಿತು. ಮೂರನೆಯ ಸಲ ವೃದ್ಧ ಮೆಕಾನಿಕರೊಬ್ಬರು ಡಿಸ್ಕನ್ನು ಕಳಚಿ, ಅದರ ಹಿಂದಿನ ಹಬ್ಬಿನ ಮುಖದ ಮೇಲೆ ಹೊಪ್ಪಳೆಗಟ್ಟಿದ್ದ ತುಕ್ಕನ್ನು ತೋರಿಸಿ, “ತಟ್ಟೆ ಎರಡು ಸಲ ಹೊಸದಾಯಿತು ರಾಯರೇ, ಅದನ್ನಿಟ್ಟ ಮಣೆಯನ್ನು ಯಾರೂ ಒರೆಸಲಿಲ್ಲ” ಎಂದರಂತೆ.

ಅವರ ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ಊಟದ ತಟ್ಟೆಯ ಕೆಳಗೆ ಒಂದು ಅಗುಳು ಸಿಕ್ಕಿಕೊಂಡರೆ ತಟ್ಟೆಯು ಓಲಾಡುವುದಷ್ಟೆ. ಹಾಗೆಯೇ ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕಿನ ಚೂರು ನಿಂತರೆ ಡಿಸ್ಕು ಓರೆಯಾಗಿ ಕುಳಿತುಕೊಳ್ಳುವುದು. ಹಬ್ಬಿಗಿಂತ ಡಿಸ್ಕಿನ ಅಗಲವು ಹೆಚ್ಚಾದುದರಿಂದ ನಡುವಿನ ಅಲ್ಪ ಓರೆಯು ಅಂಚಿನಲ್ಲಿ ದೊಡ್ಡದಾಗುವುದು. ಬ್ರೇಕನ್ನು ತುಳಿಯದಿರುವಾಗಲೂ ಡಿಸ್ಕಿನ ಒಂದೇ ಭಾಗವು ಪ್ರತಿಸುತ್ತಿನಲ್ಲಿಯೂ ಪ್ಯಾಡನ್ನು ಸವರಿಕೊಂಡು ಹೋಗುವುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಕ್ರವು ಸೆಕೆಂಡಿಗೆ ಏಳೆಂಟು ಸುತ್ತು ತಿರುಗುವುದೆಂಬುದನ್ನು ನೆನೆದರೆ ಆ ಸವೆತವು ಎಷ್ಟೆಂಬುದು ತಿಳಿದೀತು. ಕೆಲವು ಸಾವಿರ ಕಿಲೋಮೀಟರುಗಳಾಗುವಷ್ಟರಲ್ಲಿ ಆ ಭಾಗವು ತೆಳುವಾಗುವುದು. ದಪ್ಪದಲ್ಲಿ ಸುಮಾರು 0.02 ಮಿಲಿಮೀಟರಿನಷ್ಟು, ಅಂದರೆ ತಲೆಗೂದಲಿಗಿಂತಲೂ ತೆಳುವಾದ ವ್ಯತ್ಯಾಸವಾದರೂ ಸಾಕು, ಕಾಲಿಗೂ ಕೈಗೂ ಅದುರು ತಟ್ಟುವುದು. ಆದುದರಿಂದ ‘ಬಾಗಿದೆ’ ಎಂದು ಎಲ್ಲರೂ ಹೇಳುವ ಡಿಸ್ಕು ಬಹುತೇಕ ಬಾಗಿರುವುದೇ ಇಲ್ಲ. ದಪ್ಪವು ಒಂದೇ ಸಮನಾಗಿರುವುದಿಲ್ಲ. ಅತಿಯಾಗಿ ಕಾದ ಪ್ಯಾಡಿನ ಮಸಾಲೆಯು ಡಿಸ್ಕಿನ ಮೇಲೆ ಅಲ್ಲಲ್ಲಿ ಅಂಟಿಕೊಂಡರೂ ಇದೇ ಫಲವುಂಟಾಗುವುದು.

ಹಾಗೆಂದು ಎಲ್ಲ ನಡುಕವನ್ನೂ ಡಿಸ್ಕಿನ ತಲೆಗೆ ಕಟ್ಟಲಾಗದು. ಬ್ರೇಕನ್ನು ಮುಟ್ಟದಿದ್ದರೂ ಬಂಡಿಯು ಅದುರುತ್ತಿದ್ದರೆ ಟಯರು, ಸೊಟ್ಟಾದ ರಿಮ್ಮು, ಚಕ್ರದ ಸಮತೂಕ ಇವುಗಳನ್ನು ಮೊದಲು ಪರೀಕ್ಷಿಸಬೇಕು. ತುಳಿದಾಗ ಮಾತ್ರ ಸ್ಟಿಯರಿಂಗ್ ಅದುರಿದರೆ ಮುಂದಿನ ಚಕ್ರಗಳ ಮೇಲೆ ಸಂಶಯ. ಕೈ ಸುಮ್ಮನಿದ್ದು ಆಸನವೇ ನಡುಗಿದರೆ ಹಿಂದಿನವುಗಳ ಮೇಲೆ. ನಮ್ಮಲ್ಲಿಯ ಪಿಕ್‌ಅಪ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕೂ ಹಿಂದೆ ಡ್ರಮ್ಮೂ ಇರುವುವು. ಬಂಡಿಯು ಬರಿದಾಗಿರುವಾಗ ಮುಂದಿನ ಬ್ರೇಕೇ ಹೆಚ್ಚಿನ ಕೆಲಸವನ್ನು ಮಾಡುವುದರಿಂದ, ಹಿಂದಿನ ಡ್ರಮ್ಮಿನ ದೋಷವು ಹೇರು ತುಂಬಿದ ದಿನವೇ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದುಂಟು. ಜನರಿಲ್ಲದ ಸಮತಟ್ಟಾದ ಬಯಲಿನಲ್ಲಿ, 30 ಕಿಲೋಮೀಟರ್ ಮೀರದ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಕೊಂಡೇ ಅದನ್ನು ಮೆಲ್ಲಗೆ ಎಳೆದು ನೋಡಿದರೆ, ಅದು ಹಿಂದಿನ ಡ್ರಮ್ಮುಗಳನ್ನೇ ಹಿಡಿಯುವ ಬಂಡಿಯಲ್ಲಿ ಸಂಶಯವು ತೀರುವುದು. ಜೋರಾಗಿ ಎಳೆದರೆ ಚಕ್ರವು ಕಚ್ಚಿಕೊಂಡು ಬಂಡಿಯು ಜಾರೀತು, ಎಚ್ಚರವಿರಲಿ. ಜಾರುವ ರಸ್ತೆಯಲ್ಲಿ ಥಟ್ಟನೆ ತುಳಿದಾಗ ಮಾತ್ರ ಪೆಡಲು ಗರಗರನೆ ಅದುರುವುದು ಎ.ಬಿ.ಎಸ್. ಇರುವ ಬಂಡಿಯ ಸ್ವಭಾವ, ಅದು ದೋಷವಲ್ಲ.

ಬಿಚ್ಚುವ ಮೊದಲು ಚಕ್ರವನ್ನು ಜಾಕಿಯ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿಸಬೇಕು. ಬೇರಿಂಗೋ ಸ್ಟಿಯರಿಂಗಿನ ಕೀಲುಗಳೋ ಸಡಿಲವಾಗಿದ್ದರೆ ಡಿಸ್ಕಿನ ಸಣ್ಣ ದೋಷವೂ ಹತ್ತರಷ್ಟಾಗಿ ಕೇಳಿಸುವುದು. ಇದು ನಡುಕದ ಮಾತಷ್ಟೇ ಅಲ್ಲ, ಪ್ರಾಣದ ಮಾತು. ಇಂತಹ ಬಂಡಿಯನ್ನು ಘಟ್ಟಕ್ಕೆ ಒಯ್ಯಲಾಗದು.

ಇನ್ನು ರಿಪೇರಿಯ ವಿಷಯ. ಡಿಸ್ಕನ್ನು ತೆಗೆದ ಮೇಲೆ ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಲೋಹವು ಹೊಳೆಯುವವರೆಗೆ ಉಜ್ಜಿಸಬೇಕು. ಅನಂತರ ಡಿಸ್ಕನ್ನು ಕೂರಿಸಿ, ನಟ್ಟುಗಳಿಂದ ಬಿಗಿದು, ಡಯಲ್ ಗೇಜನ್ನು ಅಂಚಿನ ಬಳಿ ಇಟ್ಟು ಒಂದು ಸುತ್ತು ತಿರುಗಿಸಿದರೆ ಓಲಾಟವೆಷ್ಟೆಂದು ಮುಳ್ಳೇ ಹೇಳುವುದು. ಅದು 0.05 ಮಿಲಿಮೀಟರಿನೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಆಯಾ ಬಂಡಿಯ ಕೈಪಿಡಿಯಲ್ಲಿರುವ ಅಂಕವೇ ಕೊನೆಯ ಮಾತು. ಹೆಚ್ಚಾಗಿದ್ದರೆ ಡಿಸ್ಕನ್ನು ಒಂದೊಂದೇ ರಂಧ್ರದಷ್ಟು ತಿರುಗಿಸಿಟ್ಟು ನೋಡಬಹುದು. ದಪ್ಪವು ಡಿಸ್ಕಿನ ಮೇಲೆ ಕೊರೆದಿರುವ ಕನಿಷ್ಠ ಅಳತೆಗಿಂತ ಸಾಕಷ್ಟು ಹೆಚ್ಚಿದ್ದರೆ ಲೇತಿನಲ್ಲಿ ಸಮಮಾಡಿಸುವುದೂ ಉಂಟು. ಅಳತೆಗೆ ಇಳಿದಿದ್ದರೆ ಹೊಸದೇ ಗತಿ. ಇಲ್ಲಿ ಜಿಪುಣತನ ಸಲ್ಲದು. ಪ್ಯಾಡುಗಳನ್ನೂ ಒಡನೆಯೇ ಬದಲಿಸತಕ್ಕದ್ದು.

ಚಕ್ರದ ನಟ್ಟುಗಳನ್ನು ಬಿಗಿಯುವ ಕ್ರಮವನ್ನಂತೂ ಯಜಮಾನರು ನಿಂತು ನೋಡುವುದು ಲೇಸು. ಒಂದಾದ ಮೇಲೆ ಪಕ್ಕದ್ದನ್ನು ಗಾಳಿಯ ಯಂತ್ರದಿಂದ ಬುರ್ರನೆ ತಿರುಗಿಸಿಬಿಡುವುದೇ ಇಂದಿನ ರೂಢಿ. ಇದರಿಂದ ಒಂದು ಕಡೆ ಬಿಗಿ ಹೆಚ್ಚಾಗಿ, ಚೊಕ್ಕ ಹಬ್ಬಿನ ಮೇಲೂ ಡಿಸ್ಕು ಓರೆಯಾದೀತು. ಎದುರುಬದುರಿನ ನಟ್ಟುಗಳನ್ನು ಸರದಿಯಂತೆ, ಎರಡು ಮೂರು ಆವೃತ್ತಿಗಳಲ್ಲಿ, ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಪಂಕ್ಚರು ಹಾಕಿಸಿದಾಗಲೂ ಇದೇ ನಿಯಮ.

ಹೊಸ ಪ್ಯಾಡುಗಳು ಒಗ್ಗುವುದಕ್ಕಾಗಿ ಬರಿದಾದ ರಸ್ತೆಯಲ್ಲಿ 50ರ ವೇಗದಿಂದ 10ರವರೆಗೆ ಮೆಲ್ಲಗೆ ಹಿಡಿದು ಬಿಡುವ ಕೆಲಸವನ್ನು ಹತ್ತಾರು ಸಲ, ನಡುನಡುವೆ ಆರಲು ಬಿಟ್ಟು, ಮಾಡಿಸಬೇಕು. ಘಟ್ಟವನ್ನಿಳಿಯುವಾಗ ಕೆಳಗಿನ ಗೇರಿನಲ್ಲಿಯೇ ಇಳಿಯುವುದು ಮೇಲು. ಕಾದ ಬ್ರೇಕನ್ನು ಬುಡದಲ್ಲಿ ನಿಂತಾಗಲೂ ಬಲವಾಗಿ ತುಳಿದೇ ಇರುವ ಅಭ್ಯಾಸದಿಂದ ಡಿಸ್ಕಿನ ಮೇಲೆ ಪ್ಯಾಡಿನ ಅಚ್ಚು ಮೂಡುವುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲನ್ನು ಕೊಟ್ಟು, ಕಾಲನ್ನು ತೆಗೆದುಬಿಡಬಹುದು.

ತೀರ್ಥಹಳ್ಳಿಯ ಗೃಹಸ್ಥರ ಬಂಡಿಯಲ್ಲಿ ಮೂರನೆಯ ಸಲ ತುಕ್ಕನ್ನು ಉಜ್ಜಿ, ಡಿಸ್ಕುಗಳನ್ನು ಲೇತಿಗೆ ಕೊಟ್ಟು, ಹೊಸ ಪ್ಯಾಡುಗಳನ್ನು ಹಾಕಿದರು. ಎರಡು ಮಳೆಗಾಲ ಕಳೆದಿವೆ. ಅದೇ ಡಿಸ್ಕುಗಳು, ಅದೇ ಘಟ್ಟ. ಚಕ್ರವನ್ನು ಕಳಚಿದಾಗಲೆಲ್ಲ ರಾಯರು ಈಗ ಎಮರಿ ಕಾಗದವನ್ನು ಕೈಯಲ್ಲಿ ಹಿಡಿದೇ ನಿಲ್ಲುತ್ತಾರೆ.